ಟ್ಯೂಬಿಂಗೆನ್‌ಗೂ ಒಂದು ಪಂಚಾಂಗ ಇದೆ

ಪ್ರಶ್ನೆ: ನಮಸ್ಕಾರ ಮೇಡಂ. ನನ್ನ ಗಂಡನಿಗೆ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ ಸಂಶೋಧನೆಯ ಕೆಲಸ ಸಿಕ್ಕಿತು. ಆಗಸ್ಟ್‌ನಲ್ಲಿ ಶಿವಮೊಗ್ಗದಿಂದ ಬಂದೆವು, ಎರಡು ವರ್ಷ ಇರುತ್ತೇವೆ. ಕೋಟೆ, ಚರ್ಚು, ಹಳೇ ಬೀದಿ ಎಲ್ಲ ಎರಡೇ ವಾರದಲ್ಲಿ ನೋಡಿ ಮುಗಿಯಿತು. ಈಗ ಅಕ್ಟೋಬರ್, ಭಾನುವಾರ ಬಂದರೆ ಅಂಗಡಿಗಳೆಲ್ಲ ಮುಚ್ಚಿ ಊರೇ ಮಲಗಿದ ಹಾಗಿರುತ್ತದೆ. ಇಲ್ಲಿನ ಕಲೆ, ಸಂಸ್ಕೃತಿ, ಹಬ್ಬ ಹರಿದಿನ ತಿಳಿಯಬೇಕು ಎಂಬ ಆಸೆ ಇದೆ. ಆದರೆ ನನ್ನ ಜರ್ಮನ್ ಅಷ್ಟಕ್ಕಷ್ಟೇ, ಜನ ತಾವಾಗಿ ಮಾತಾಡಿಸುವುದಿಲ್ಲ. ನಾವು ಸಸ್ಯಾಹಾರಿಗಳು ಬೇರೆ. ಮ್ಯೂನಿಕ್, ಬರ್ಲಿನ್ ಕಡೆ ಹೋದರೆ ಮಾತ್ರ ಇದೆಲ್ಲ ಸಿಗುವುದಾ?

ಉತ್ತರ: ನಮಸ್ಕಾರ. ನಿಮ್ಮ ಪ್ರಶ್ನೆ ಓದುತ್ತಾ ಹದಿನೇಳು ವರ್ಷದ ಹಿಂದಿನ ನನ್ನ ಭಾನುವಾರಗಳು ನೆನಪಾದವು. ನಾನೂ ಇದೇ ಊರಿಗೆ ಬಂದು, ಇದೇ ಬೀದಿಗಳನ್ನು ಎರಡು ವಾರದಲ್ಲಿ ಸುತ್ತಿ ಮುಗಿಸಿ, ಕಿಟಕಿ ಪಕ್ಕ ಕೂತು ಮಳೆ ನೋಡಿದವಳು. ಈಗ ಇಲ್ಲಿ ಹೊಸಬರಿಗೆ ಜರ್ಮನ್ ಕಲಿಸುತ್ತೇನೆ, ಊರು ಸುತ್ತಿಸುತ್ತೇನೆ. ಬರ್ಲಿನ್‌ಗೆ ಖಂಡಿತ ಹೋಗಿ ಬನ್ನಿ. ಆದರೆ ನೀವು ಕೇಳಿದ್ದು ಸಿಗಬೇಕಾದರೆ ಅಲ್ಲಿಗೆ ಹೋಗಬೇಕಿಲ್ಲ. ಟ್ಯೂಬಿಂಗೆನ್ ಸುಮಾರು ತೊಂಬತ್ತು ಸಾವಿರ ಜನರ ಸಣ್ಣ ಊರು. ಸಣ್ಣ ಊರು ಆದ್ದರಿಂದಲೇ ನಿಮಗೆ ಇಲ್ಲಿ ಒಳಗೆ ಬರಲು ಬಾಗಿಲು ಜಾಸ್ತಿ.

ನೀವು ಇಷ್ಟು ದಿನ ನೋಡಿದ್ದು ಜಾಗಗಳನ್ನು. ಇನ್ನು ಹೊತ್ತು ನೋಡಿ ಹೊರಡಿ. ನಮ್ಮಲ್ಲಿ ಜಾತ್ರೆಯ ದಿನ ಬಿಟ್ಟು ಬೇರೆ ದಿನ ಬಂದವನಿಗೆ ಊರು ಬಿಕೋ ಅನ್ನಿಸುವುದಿಲ್ಲವೇ? ಈ ಊರಿಗೂ ಒಂದು ಪಂಚಾಂಗ ಇದೆ. ವಾರಕ್ಕೊಮ್ಮೆ ಬರುವುದು, ವರ್ಷಕ್ಕೊಮ್ಮೆ ಬರುವುದು ಎಲ್ಲ ಅದರಲ್ಲಿ ಗೊತ್ತಾಗಿ ನಿಂತಿದೆ. ಅದಕ್ಕೆ ನಿಮ್ಮ ದಿನಗಳನ್ನು ಹೊಂದಿಸಿಕೊಂಡರೆ ಆಯಿತು.

ಮೊದಲು ಶನಿವಾರ. ನೀವು ನೋಡಿದ ಆ ದೊಡ್ಡ ಚರ್ಚು, ಶ್ಟಿಫ್ಟ್ಸ್‌ಕಿರ್ಷೆ, ಅಲ್ಲಿ ಶನಿವಾರ ರಾತ್ರಿ ಎಂಟು ಗಂಟೆಗೆ 'ಮೊಟೆಟ್ಟೆ' ನಡೆಯುತ್ತದೆ. ಅರ್ಧ ಸಂಗೀತ ಕಚೇರಿ, ಅರ್ಧ ಪ್ರಾರ್ಥನೆ. ಒಂದು ಗಾಯನ ತಂಡ ಹಾಡುತ್ತದೆ, ಇಲ್ಲವೇ ಆರ್ಗನ್ ನುಡಿಸುತ್ತಾರೆ. ನಡುವೆ ಬೈಬಲ್‌ನಿಂದ ಸ್ವಲ್ಪ ಓದುತ್ತಾರೆ, ಒಂದು ಹಾಡನ್ನು ಎಲ್ಲರೂ ಸೇರಿ ಹಾಡುತ್ತಾರೆ. 1945ರಲ್ಲಿ, ಯುದ್ಧ ಮುಗಿದ ವರ್ಷದಲ್ಲಿ, ಇದು ಶುರುವಾಯಿತು. ಜರ್ಮನಿಯ ದೊಡ್ಡ ಊರುಗಳು ಬಾಂಬಿಗೆ ಸಿಕ್ಕಿ ನೆಲಸಮವಾಗಿದ್ದಾಗ ಟ್ಯೂಬಿಂಗೆನ್ ಬಹುಪಾಲು ಉಳಿದುಕೊಂಡಿತ್ತು. ಚರ್ಚು ಇತ್ತು, ಆರ್ಗನ್ ಇತ್ತು, ಹಾಡುವವರು ಇದ್ದರು. ಆಗ ಹಿಡಿದ ರೂಢಿ ಇನ್ನೂ ಬಿಟ್ಟಿಲ್ಲ.

ಇಲ್ಲಿನ ಹಳೆಯ ಸಂಗೀತಗಾರ ಬಾಖ್ ಅಂದರೆ ಯಾರು ಎಂದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಹೋಗಿ ಕೂತುಕೊಳ್ಳಿ. ಯಾವ ಧರ್ಮ ಎಂದು ಯಾರೂ ಕೇಳುವುದಿಲ್ಲ. ಪ್ರಾರ್ಥನೆಯೂ ಆದ್ದರಿಂದ ಪಕ್ಕದವರು ಚಪ್ಪಾಳೆ ತಟ್ಟದಿದ್ದರೆ ನೀವೂ ತಟ್ಟಬೇಡಿ. ಒಂದೇ ಒಂದು ಮಾತು: ಒಂದು ಸಲ ಹೋಗಿ ಸುಮ್ಮನಾಗಬೇಡಿ. ನಾಲ್ಕು ಶನಿವಾರ ಹೋಗಿ, ಆದಷ್ಟು ಅದೇ ಸಾಲಿನಲ್ಲಿ ಕೂತುಕೊಳ್ಳಿ. ಇಲ್ಲಿನ ಜನ ಮೊದಲ ಸಲ ನೋಡಿದವರನ್ನು ಮಾತಾಡಿಸುವುದಿಲ್ಲ, ಅದು ನಿಜ. ಎರಡನೇ ಸಲ ತಲೆ ಆಡಿಸುತ್ತಾರೆ. ಮೂರೋ ನಾಲ್ಕನೆಯದೋ ಸಲಕ್ಕೆ 'ಇವತ್ತು ಚಳಿ ಜಾಸ್ತಿ ಅಲ್ವಾ' ಎನ್ನುತ್ತಾರೆ. ನನ್ನ ಇಲ್ಲಿನ ಮೊದಲ ಗೆಳತಿ ಹಾಗೇ ಸಿಕ್ಕಿದ್ದು. ನನಗಿಂತ ಮೂವತ್ತು ವರ್ಷ ದೊಡ್ಡವರು. ಹಾಡಿನ ಪುಸ್ತಕದಲ್ಲಿ ನಾನು ಪುಟ ಹುಡುಕುತ್ತಿದ್ದಾಗ ತಮ್ಮ ಪುಸ್ತಕವನ್ನು ನನ್ನ ಕಡೆಗೆ ಹಿಡಿದರು.

ಇದರಿಂದಲೇ ಇನ್ನೊಂದು ಬಾಗಿಲು ತೆರೆಯುತ್ತದೆ. ನಿಮಗೆ ಹಾಡಲು ಬರುತ್ತದಾ? ಚೂರುಪಾರು ಭಾವಗೀತೆ, ದೇವರನಾಮ ಹಾಡಿದ್ದರೂ ಸಾಕು. ಇಲ್ಲಿ ಸೇರಿ ಹಾಡುವುದು ಊರಿನ ರಕ್ತದಲ್ಲಿದೆ. ಫ್ರೀಡ್ರಿಶ್ ಜಿಲ್ಷರ್ ಎಂಬವರು 1817ರಿಂದ ಇಲ್ಲಿನ ವಿಶ್ವವಿದ್ಯಾಲಯದ ಸಂಗೀತ ನಿರ್ದೇಶಕರಾಗಿದ್ದರು. ಹಳ್ಳಿ ಹಾಡುಗಳನ್ನು ಕೂಡಿಹಾಕಿ, ಎಲ್ಲರೂ ಹಾಡುವ ಹಾಗೆ ಸ್ವರ ಹೊಂದಿಸಿದರು. 1829ರಲ್ಲಿ ವಿದ್ಯಾರ್ಥಿಗಳ ಗಾಯನ ತಂಡ ಕಟ್ಟಿದರು. ಜನ ಜನಪದ ಗೀತೆ ಎಂದುಕೊಂಡೇ ಹಾಡುವ ಎಷ್ಟೋ ಧಾಟಿಗಳು ಇವರು ಕೊಟ್ಟವು. ಇವತ್ತಿಗೂ ಈ ಊರಿನಲ್ಲಿ ಚರ್ಚಿನ ತಂಡ, ಬಡಾವಣೆಯ ತಂಡ, ವಿಶ್ವವಿದ್ಯಾಲಯದ ತಂಡ ಹೀಗೆ ಹಾಡುವವರಿಗೆ ಕೊರತೆ ಇಲ್ಲ. 'ಪ್ರೊಯೆಕ್ಟ್‌ಕೋರ್' ಎಂಬ ಚೀಟಿ ಎಲ್ಲಾದರೂ ಕಂಡರೆ ಬಿಡಬೇಡಿ. ಒಂದೇ ಕಾರ್ಯಕ್ರಮಕ್ಕೆಂದು ಕೆಲವು ವಾರ ಸೇರುವ ತಂಡ ಅದು, ವರ್ಷವಿಡೀ ಬರಬೇಕು ಎಂಬ ಕಟ್ಟುಪಾಡಿಲ್ಲ.

ಭಾಷೆ ಬರದಿದ್ದರೆ ಹೇಗೆ ಹಾಡುವುದು ಎನ್ನುತ್ತೀರಾ? ನಾನು ಕಲಿಸುವವಳಾಗಿ ಹೇಳುತ್ತೇನೆ, ಭಾಷೆ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಅದೇ ನಾಲ್ಕು ಸಾಲನ್ನು ಆರು ವಾರ ಹಾಡಿಸುತ್ತಾರೆ. ಪ್ರತಿ ಸ್ವರ ಬಾಯಲ್ಲಿ ಎಲ್ಲಿ ಹುಟ್ಟಬೇಕು ಎಂದು ತಿದ್ದುತ್ತಾರೆ. 'ಟ್ಯೂಬಿಂಗೆನ್' ಎನ್ನುವಾಗ ಆ ಮೊದಲ ಅಕ್ಷರ ನಮ್ಮ 'ಟ್ಯೂ' ಅಲ್ಲ. ನಾಲಿಗೆ 'ಈ' ಎನ್ನಬೇಕು, ತುಟಿ 'ಊ' ಎನ್ನಬೇಕು. ಅದು ನನಗೆ ತರಗತಿಯಲ್ಲಿ ಬರಲಿಲ್ಲ, ಹಾಡುವಾಗ ಬಂತು.

ಈಗ ವಾರದ ಉಳಿದ ದಿನ. ಸೋಮವಾರ, ಬುಧವಾರ, ಶುಕ್ರವಾರ ಪುರಭವನದ ಮುಂದಿನ ಚೌಕದಲ್ಲಿ ಸಂತೆ. ಆ ಪುರಭವನ 1435ರದು. ಅದರ ಮೇಲಿನ ಖಗೋಳ ಗಡಿಯಾರವನ್ನು ಯೊಹಾನೆಸ್ ಶ್ಟೋಫ್ಲರ್ ಎಂಬ ಪಂಡಿತರು 1511ರಲ್ಲಿ ಮಾಡಿದ್ದು. ಆದರೆ ಸಂತೆಯ ದಿನ ಗಡಿಯಾರ ನೋಡುವುದಕ್ಕಿಂತ ಬುಟ್ಟಿ ನೋಡಿ. ಈಗ ಕುಂಬಳಕಾಯಿ, ಸೇಬು. ಚಳಿ ಬಂದ ಮೇಲೆ ಸಣ್ಣ ಎಲೆಯ ಸೊಪ್ಪು. ಏಪ್ರಿಲ್‌ನಲ್ಲಿ ಬಿಳಿ ಶತಾವರಿ ಬಂದರೆ ಊರೆಲ್ಲ ಅದರದೇ ಮಾತು. ಜೂನ್ 24ಕ್ಕೆ, ಸಂತ ಯೋಹಾನರ ದಿನಕ್ಕೆ, ಶತಾವರಿ ಕೀಳುವುದನ್ನು ನಿಲ್ಲಿಸುವುದು ವಾಡಿಕೆ. ಮುಂದಿನ ವರ್ಷಕ್ಕೆ ಗಿಡ ಚೇತರಿಸಿಕೊಳ್ಳಬೇಕಲ್ಲ. ಒಬ್ಬರೇ ವ್ಯಾಪಾರಿಯ ಹತ್ತಿರ ಮತ್ತೆ ಮತ್ತೆ ಕೊಳ್ಳಿ. ಹತ್ತಿರ ಹೋಗಿ 'ಗ್ರ್ಯೂಸ್ ಗಾಟ್' ಎನ್ನಿ. ಪುಸ್ತಕದ 'ಗೂಟನ್ ಟಾಗ್' ತಪ್ಪಲ್ಲ, ಆದರೆ ಈ ಸೀಮೆಯ ನಮಸ್ಕಾರ ಇದು.

ಈ ಸೀಮೆ ಎಂದರೆ ಶ್ವಾಬಿಯಾ. ಇಲ್ಲಿನ ಆಡುಮಾತು ನಿಮ್ಮ ಪುಸ್ತಕದ ಜರ್ಮನ್‌ಗಿಂತ ಸಾಕಷ್ಟು ಬೇರೆ. ಎಲ್ಲದಕ್ಕೂ ಕೊನೆಗೆ ಒಂದು 'ಲೆ' ಹಚ್ಚಿ ಪುಟ್ಟದಾಗಿ ಮಾಡುತ್ತಾರೆ. 'ಹೌಸ್' ಅಂದರೆ ಮನೆ, 'ಹೈಸ್ಲೆ' ಅಂದರೆ ಪುಟ್ಟ ಮನೆ. ಮೂರು ಮಹಡಿ ಇದ್ದರೂ ಹೈಸ್ಲೆಯೇ. ಇನ್ನೊಂದು ಮಾತನ್ನು ನೀವು ಈಗಲೇ ತಿಳಿದಿದ್ದರೆ ಮನಸ್ಸಿಗೆ ಸಮಾಧಾನ: ಬೈಯಲಿಲ್ಲ ಅಂದರೆ ಹೊಗಳಿದ ಹಾಗೆ, ಎನ್ನುತ್ತಾರೆ ಶ್ವಾಬಿಯದವರು. ನೀವು ಮಾಡಿದ ಕೋಸಂಬರಿ ತಿಂದು ನೆರೆಯವರು ಏನೂ ಹೇಳದೆ ಬಟ್ಟಲು ಖಾಲಿ ಮಾಡಿಕೊಟ್ಟರೆ ಬೇಜಾರಾಗಬೇಡಿ.

ನೆರೆಯವರ ಮಾತು ಬಂತು, 'ಕೇರ್‌ವೋಖೆ' ಬಗ್ಗೆ ಹೇಳಲೇಬೇಕು. ಗುಡಿಸುವ ವಾರ ಎಂದು ಅರ್ಥ. ಮಹಡಿ ಮನೆಗಳಲ್ಲಿ ಮೆಟ್ಟಿಲು, ಅಂಗಳ, ಬಾಗಿಲ ಮುಂದಿನ ದಾರಿ ಗುಡಿಸುವ ಸರದಿ ವಾರಕ್ಕೊಂದು ಮನೆಯದು. ಸರದಿ ಬಂದವರ ಬಾಗಿಲಿಗೆ ಒಂದು ಹಲಗೆ ತೂಗುತ್ತದೆ. ಕಸ ಹೊರಗೆ ಸಾಗಿಸಬೇಕೆಂದು 1492ರಲ್ಲಿ ಈ ಸೀಮೆ ಆಳುತ್ತಿದ್ದ ಎಬರ್‌ಹಾರ್ಡ್ ಪ್ರಭು ಶ್ಟುಟ್‌ಗಾರ್ಟ್ ಊರಿಗೆ ಹಾಕಿದ ಕಟ್ಟಳೆಯೇ ಇದರ ಬೇರು ಎನ್ನುತ್ತಾರೆ. 1477ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಕಟ್ಟಿಸಿದವರೂ ಅವರೇ. ನನ್ನ ಮೊದಲ ಸರದಿ ನನಗೆ ಗೊತ್ತೇ ಆಗಲಿಲ್ಲ. ಮೇಲಿನ ಮನೆಯ ಅಜ್ಜಿ ಬಂದು ಗಂಭೀರವಾಗಿ ಹೇಳಿದರು, ಪೊರಕೆ ಎಲ್ಲಿದೆ ಎಂದೂ ತೋರಿಸಿದರು. ಮುಂದಿನ ಶನಿವಾರ ನಾನು ಗುಡಿಸುತ್ತಿದ್ದಾಗ ಕಿಟಕಿಯಿಂದ ನೋಡಿ ಕೈ ಬೀಸಿದರು. ಇದು ಸಂಸ್ಕೃತಿಯಾ ಎಂದು ಕೇಳಬಹುದು. ನನ್ನ ಮಟ್ಟಿಗೆ, ಯಾವ ವಸ್ತುಸಂಗ್ರಹಾಲಯಕ್ಕಿಂತಲೂ ಜಾಸ್ತಿ ಇದು ಶ್ವಾಬಿಯಾ. ಜೊತೆಗೆ, ಮೆಟ್ಟಿಲಲ್ಲಿ ಪೊರಕೆ ಹಿಡಿದು ನಿಂತವರನ್ನು ಯಾರೂ ಮಾತಾಡಿಸದೆ ದಾಟುವುದಿಲ್ಲ.

ಊಟದ ವಿಷಯ ಚುರುಕಾಗಿ ಹೇಳಿಬಿಡುತ್ತೇನೆ. 'ಕೇಸೆಶ್ಪೆಟ್ಸ್ಲೆ' ಎಂಬುದು ಚೀಸ್ ಹಾಕಿದ ಹಿಟ್ಟಿನ ತಿನಿಸು, ಮೇಲೆ ಹುರಿದ ಈರುಳ್ಳಿ. ಮಾಂಸ ಇರುವುದಿಲ್ಲ, ಆದರೆ ಹಿಟ್ಟಿಗೆ ಮೊಟ್ಟೆ ಹಾಕೇ ಹಾಕುತ್ತಾರೆ. ಬೇಳೆಯ ಜೊತೆ ಶ್ಪೆಟ್ಸ್ಲೆ ಕೊಡುವುದು ಇಲ್ಲಿನ ಮನೆಯೂಟ. ಹೆಸರು ಕೇಳಿ ಖುಷಿಯಾಗುತ್ತದೆ, ಆದರೆ ಬೇಳೆಗೆ ಹಂದಿಮಾಂಸದ ಚೂರು ಹಾಕಿರಬಹುದು, ಪಕ್ಕದಲ್ಲಿ ಸಾಸೇಜ್ ಇಟ್ಟಿರುತ್ತಾರೆ. ಈ ತಿಂಗಳು ಹೊಸ ವೈನ್ ಜೊತೆ ಮಾರುವ ಈರುಳ್ಳಿ ಕಡುಬಿನ ಕಥೆಯೂ ಅದೇ. 'ಓನೆ ಶ್ಪೆಕ್?' ಎಂದು ಕೇಳಿ. ಹಂದಿಕೊಬ್ಬು ಇಲ್ಲದ್ದಾ ಎಂದು ಅರ್ಥ. ಗಂಟು ಹಾಕಿದ ಹಾಗೆ ಕಾಣುವ ಶ್ವಾಬಿಯದ ಬ್ರೆಟ್ಸೆಲ್ ರೊಟ್ಟಿಯ ಹೊಟ್ಟೆ ದಪ್ಪ, ಕೈಗಳು ಸಣ್ಣ. ತಪ್ಪು ಮಾಡಿದ ಬೇಕರಿಯವನಿಗೆ, ಸೂರ್ಯ ಮೂರು ಸಲ ಇಣುಕುವಂಥ ರೊಟ್ಟಿ ಸುಟ್ಟುಕೊಟ್ಟರೆ ಜೀವ ಉಳಿಯಿತು ಎಂದು ಇದೇ ಎಬರ್‌ಹಾರ್ಡ್ ಪ್ರಭು ಹೇಳಿದರಂತೆ. ಅದಕ್ಕೇ ಬ್ರೆಟ್ಸೆಲ್‌ಗೆ ಮೂರು ಕಿಂಡಿ. ಕಥೆ ಅಷ್ಟೇ, ಆದರೆ ಇಲ್ಲಿನ ಮಕ್ಕಳಿಗೆಲ್ಲ ಗೊತ್ತು.

ಇನ್ನು ವರ್ಷದ ಪಂಚಾಂಗ. ಡಿಸೆಂಬರ್‌ನಲ್ಲಿ ಜರ್ಮನಿಯ ಬೇರೆ ಊರುಗಳಲ್ಲಿ ಕ್ರಿಸ್ಮಸ್ ಸಂತೆ ವಾರಗಟ್ಟಲೆ ಇರುತ್ತದೆ. ಟ್ಯೂಬಿಂಗೆನ್‌ನದು ಮೂರೇ ದಿನ, ಮೂರನೇ ಅಡ್ವೆಂಟ್ ವಾರಾಂತ್ಯದಲ್ಲಿ. ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳಿಗೆ ಅಡ್ವೆಂಟ್ ಎನ್ನುತ್ತಾರೆ. ಅದಕ್ಕೆ ಸ್ವಲ್ಪ ಮುಂಚೆ ಚಾಕೊಲೇಟ್ ಸಂತೆ. ಅಲ್ಲಿ ಜನಜಂಗುಳಿ ವಿಪರೀತ, ಒಂದು ಸಂಜೆ ಸಾಕು. ಕ್ರಿಸ್ಮಸ್ ಸಂತೆಗೆ ಮಾತ್ರ ಮೂರು ದಿನವೂ ಹೋಗಿ. ಅಲ್ಲಿ ಊರಿನ ಸಂಘದವರು, ಶಾಲೆಯವರು ಸಹ ಅಂಗಡಿ ಹಾಕುತ್ತಾರೆ, ಪರಿಚಯದ ಮುಖ ಕಾಣುತ್ತದೆ.

ಜನವರಿಯಲ್ಲಿ ರೈಲು ಹತ್ತಿ ಕಾಲು ಗಂಟೆ ದೂರದ ರಾಯ್ಟ್ಲಿಂಗೆನ್‌ಗೆ ಹೋಗಿ. ಜನವರಿ 6ರ ನಂತರದ ಗುರುವಾರ ಅಲ್ಲಿ 'ಮುಟ್ಷೆಲ್‌ಟಾಗ್'. ಮುಟ್ಷೆಲ್ ಎಂದರೆ ಎಂಟು ಮೂಲೆಯ ನಕ್ಷತ್ರದ ಹಾಗಿರುವ ಬೆಣ್ಣೆ ರೊಟ್ಟಿ. ಆ ಸಂಜೆ ಮನೆಯವರು, ಗೆಳೆಯರು, ಆಫೀಸಿನವರು ಮೇಜಿನ ಸುತ್ತ ಕೂತು ದಾಳ ಹಾಕುತ್ತಾರೆ, ಗೆದ್ದವರಿಗೆ ರೊಟ್ಟಿ. ಪಕ್ಕದ ಟ್ಯೂಬಿಂಗೆನ್‌ನಲ್ಲಿ ಇದಕ್ಕೆ ಅಂಥ ಗದ್ದಲ ಇಲ್ಲ. ಒಂದೊಂದು ಊರಿಗೆ ಒಂದೊಂದು ಆಚರಣೆ, ನಮ್ಮ ಕಡೆಯ ಹಾಗೆಯೇ.

ಅದಾದ ಮೇಲೆ ಫಾಸ್ನೆಟ್. ಇದನ್ನು ಮಾತ್ರ ತಪ್ಪಿಸಿಕೊಳ್ಳಬೇಡಿ. ಈಸ್ಟರ್ ಮುಂಚಿನ ಉಪವಾಸದ ದಿನಗಳು ಶುರುವಾಗುವ ಮೊದಲು ಕ್ಯಾಥೊಲಿಕ್ ಊರುಗಳಲ್ಲಿ ನಡೆಯುವ ವೇಷದ ಹಬ್ಬ ಇದು. ಟ್ಯೂಬಿಂಗೆನ್ ಹಿಂದಿನಿಂದಲೂ ಪ್ರೊಟೆಸ್ಟೆಂಟ್ ಊರು, ಇಲ್ಲಿ ಅದರ ಜೋರು ಕಡಿಮೆ. ಸುಮಾರು ಹತ್ತು ಕಿಲೋಮೀಟರ್ ಆಚೆಯ ರೊಟ್ಟೆನ್‌ಬುರ್ಗ್ ಕ್ಯಾಥೊಲಿಕ್ ಬಿಷಪ್ಪರ ಊರು, ಅಲ್ಲಿ ನೋಡಬೇಕು. ಮರದಲ್ಲಿ ಕೆತ್ತಿದ ಮುಖವಾಡ, ಗಂಟೆ ಕಟ್ಟಿದ ಉಡುಪು, ಕುಣಿಯುತ್ತಾ ಬರುವ ಸಾಲು ಸಾಲು ಜನ. ರೊಟ್ಟೆನ್‌ಬುರ್ಗ್‌ನ ವೇಷಕ್ಕೆ 'ಆಲಾಂಡ್' ಎಂದು ಹೆಸರು, ದೆವ್ವದ ಮುಖ. ಉಡುಪಿಗೆ 'ಹೆಸ್' ಎನ್ನುತ್ತಾರೆ. ಅಪ್ಪನ ಹೆಸ್ ಮಗ ಹಾಕಿಕೊಳ್ಳುವುದುಂಟು. ಜನವರಿ 6ರಂದು ಪೆಟ್ಟಿಗೆಯಿಂದ ವೇಷ ತೆಗೆದು ಧೂಳು ಕೊಡವುವುದೇ ಒಂದು ಶಾಸ್ತ್ರ. ಉಪವಾಸ ಶುರುವಾಗುವ ಆಶ್ ಬುಧವಾರಕ್ಕೆ ಎಲ್ಲ ಮತ್ತೆ ಪೆಟ್ಟಿಗೆಗೆ. ವೇಷದವರು ನಿಮ್ಮ ಟೋಪಿ ಕಸಿದಾರು, ಕೂದಲು ಕೆದರಿಯಾರು. ಹೆದರಬೇಡಿ, ಆಮೇಲೆ ಮಿಠಾಯಿ ಕೊಡುತ್ತಾರೆ. ಅವರು ತಮ್ಮ ಘೋಷದ ಅರ್ಧ ಕೂಗಿದರೆ ಉಳಿದರ್ಧ ನೀವು ಕೂಗಬೇಕು. ಪಕ್ಕದವರು ಏನು ಕೂಗುತ್ತಾರೆ ನೋಡಿಕೊಳ್ಳಿ.

ಜೂನ್‌ನಲ್ಲಿ ನದಿಯ ಸರದಿ. ನೆಕ್ಕರ್ ನದಿಯಲ್ಲಿ ಚಪ್ಪಟೆ ತಳದ ಉದ್ದನೆಯ ದೋಣಿಗಳನ್ನು ನೋಡಿರುತ್ತೀರಿ. ಹುಟ್ಟು ಹಾಕುವುದಿಲ್ಲ, ಹಿಂದೆ ನಿಂತವರು ಉದ್ದನೆಯ ಗಳು ಊರಿ ತಳ್ಳುತ್ತಾರೆ. ಕಾರ್ಪಸ್ ಕ್ರಿಸ್ಟಿ ಎಂಬ ಕ್ಯಾಥೊಲಿಕ್ ಹಬ್ಬದ ಗುರುವಾರ, ಸಾಮಾನ್ಯವಾಗಿ ಜೂನ್‌ನಲ್ಲಿ, ಈ ದೋಣಿಗಳ ಪಂದ್ಯ ನಡೆಯುತ್ತದೆ. 1956ರಲ್ಲಿ ಶುರುವಾದದ್ದು. ನದಿ ನಡುವಿನ ನಡುಗಡ್ಡೆಯನ್ನು ಸುತ್ತಿ ಬರಬೇಕು. ಸೇತುವೆಯ ಹತ್ತಿರ ದಾರಿ ಇಕ್ಕಟ್ಟು, ಅಲ್ಲಿ ದೋಣಿಗಳೆಲ್ಲ ಒಂದಕ್ಕೊಂದು ಸಿಕ್ಕಿಹಾಕಿಕೊಳ್ಳುತ್ತವೆ. ಜನ ಸೇತುವೆ ಮೇಲೆ ಬೆಳಿಗ್ಗೆಯಿಂದಲೇ ಜಾಗ ಹಿಡಿದಿರುತ್ತಾರೆ. ಸೋತ ತಂಡದ ಪ್ರತಿಯೊಬ್ಬರೂ ಎಲ್ಲರ ಎದುರು ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು, ಮುಂದಿನ ವರ್ಷದ ಪಂದ್ಯ ನಡೆಸುವ ಹೊಣೆಯೂ ಅವರದೇ. ಪಂದ್ಯಕ್ಕೆ ಮೊದಲೇ ಒಂದು ಸಲ ನೀವೂ ದೋಣಿಯಲ್ಲಿ ಕೂತು ಹಳದಿ ಗೋಪುರದ ಮುಂದೆ ಹಾದು ಬನ್ನಿ. ಅದು ಕವಿ ಫ್ರೀಡ್ರಿಶ್ ಹೋಲ್ಡರ್ಲಿನ್ ಇದ್ದ ಜಾಗ. ಅವರಿಗೆ ಮನಸ್ಸಿನ ಕಾಯಿಲೆ ವಾಸಿಯಾಗುವುದಿಲ್ಲ ಎಂದು ಆಸ್ಪತ್ರೆಯಿಂದ ಕಳುಹಿಸಿದಾಗ ಎರ್ನ್ಸ್ಟ್ ತ್ಸಿಮರ್ ಎಂಬ ಬಡಗಿ ತನ್ನ ಮನೆಗೆ ಕರೆದುಕೊಂಡು ಹೋದರು. ಅವರು ಈ ಕವಿಯ ಕಾದಂಬರಿ ಓದಿ ಮೆಚ್ಚಿದ್ದವರು. 1807ರಿಂದ 1843ರಲ್ಲಿ ತೀರಿಕೊಳ್ಳುವ ತನಕ, 36 ವರ್ಷ, ಹೋಲ್ಡರ್ಲಿನ್ ಅಲ್ಲೇ ಇದ್ದರು. ಬಡಗಿ ಹೋದ ಮೇಲೂ ಆ ಮನೆಯವರು ನೋಡಿಕೊಂಡರು. ಈ ಊರಿನ ಎಲ್ಲ ಕಥೆಗಳಲ್ಲಿ ನನಗೆ ಇದೇ ಹತ್ತಿರದ್ದು.

ನೀವು ಕನ್ನಡದವರು, ಅದಕ್ಕೆ ಒಂದು ವಿಷಯ ಬೇರೆಯಾಗಿ ಹೇಳಬೇಕು. ಈ ಊರಿಗೂ ನಮ್ಮ ಭಾಷೆಗೂ ನಂಟಿದೆ. ಚರ್ಚಿನಿಂದ ಸ್ವಲ್ಪ ದೂರದಲ್ಲಿ, ನದಿಯ ಮೇಲಿನ ದಂಡೆಯಲ್ಲಿ 'ಶ್ಟಿಫ್ಟ್' ಎಂಬ ಹಳೆಯ ಧರ್ಮವಿದ್ಯಾಲಯ ಇದೆ. ಹೋಲ್ಡರ್ಲಿನ್ ಮತ್ತು ತತ್ವಜ್ಞಾನಿ ಹೆಗೆಲ್ ಒಂದೇ ಕೋಣೆಯಲ್ಲಿ ಇದ್ದು ಓದಿದ್ದು ಅಲ್ಲೇ. 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಕೂಡ ಟ್ಯೂಬಿಂಗೆನ್‌ನಲ್ಲೇ ಓದಿದವರು. ಕನ್ನಡದ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅವರು ಅಚ್ಚು ಹಾಕಿಸಿದರು, ಆ ಕೆಲಸಕ್ಕೆ ಈ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. ಫರ್ಡಿನಾಂಡ್ ಕಿಟ್ಟೆಲ್ ಅವರಿಗೂ ಕೊಟ್ಟಿತು, 1896ರಲ್ಲಿ. ಅವರ ಕನ್ನಡ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾಗಿ ಎರಡು ವರ್ಷವಾಗಿತ್ತು. ಕಿಟ್ಟೆಲ್ ಕೊನೆಯ ದಿನಗಳನ್ನು ಕಳೆದದ್ದೂ, 1903ರ ಡಿಸೆಂಬರ್‌ನಲ್ಲಿ ತೀರಿಕೊಂಡದ್ದೂ ನೀವು ಈಗ ಇರುವ ಈ ಊರಿನಲ್ಲೇ. ನಮ್ಮ ಭಾಷೆಗೆ ನಿಘಂಟು ಕೊಟ್ಟ ಮುದುಕರು ಇದೇ ಕಲ್ಲುಹಾದಿಯಲ್ಲಿ ನಡೆದಾಡಿದರು ಎಂದು ತಿಳಿದ ದಿನ ನನಗೆ ಈ ಊರು ಪರಊರು ಅನ್ನಿಸುವುದು ನಿಂತಿತು.

ಚರ್ಚಿನ ಎದುರಿನ ಹೊಲ್ಟ್ಸ್‌ಮಾರ್ಕ್ಟ್ ಚೌಕದಲ್ಲಿ ಹೆಕೆನ್‌ಹೌವರ್ ಎಂಬ ಪುಸ್ತಕದಂಗಡಿ ಇತ್ತು. ಅಲ್ಲಿ 1895ರಿಂದ 1899ರವರೆಗೆ 'ಸಿದ್ಧಾರ್ಥ' ಕಾದಂಬರಿ ಬರೆದ ಹರ್ಮನ್ ಹೆಸ್ಸೆ ಕೆಲಸ ಮಾಡುತ್ತಿದ್ದರು. ಈಗ ಅಲ್ಲಿ ಅವರ ನೆನಪಿನ ಸಣ್ಣ ಕೋಣೆ ಇದೆ. ಹೆಸ್ಸೆಯ ತಾಯಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ತಾಯಿಯ ಅಪ್ಪ, ಮಲಯಾಳ ನಿಘಂಟು ಬರೆದ ಗುಂಡರ್ಟ್, ಮೊಗ್ಲಿಂಗ್‌ರ ಜೊತೆ ದುಡಿದವರು.

ಕೋಟೆ ನೋಡಿ ಆಯಿತು ಎಂದಿರಿ. ಒಳಗಿನ ಸಂಗ್ರಹಾಲಯದಲ್ಲಿ ದಂತದ ಕುದುರೆ ನೋಡಿದಿರಾ? ಮ್ಯಾಮತ್ ಆನೆಯ ದಂತದಲ್ಲಿ ಕೆತ್ತಿದ್ದು, ಉದ್ದ 5 ಸೆಂಟಿಮೀಟರ್‌ಗೂ ಕಡಿಮೆ, ವಯಸ್ಸು ಹೆಚ್ಚು ಕಡಿಮೆ 40,000 ವರ್ಷ. ಹತ್ತಿರದ ಬೆಟ್ಟಸಾಲಿನ ಫೋಗೆಲ್‌ಹೆರ್ಡ್ ಗುಹೆಯಲ್ಲಿ 1931ರಲ್ಲಿ ಸಿಕ್ಕಿತು. ಮನುಷ್ಯ ಕೆತ್ತಿದ ಇಷ್ಟು ಹಳೆಯ ಬೊಂಬೆಗಳು ಲೋಕದಲ್ಲಿ ತೀರಾ ಕಡಿಮೆ. ಅವಸರದಲ್ಲಿ ದಾಟಿ ಹೋಗಿದ್ದರೆ ಮತ್ತೆ ಹೋಗಿ, ಅದೊಂದನ್ನೇ ನೋಡಿ ಬನ್ನಿ. ಕತ್ತಿನ ಬಾಗು ನೋಡಿ. ಕುದುರೆಯನ್ನು ದಿನವೂ ಕಂಡವರ ಕೈ ಅದು.

ಇನ್ನೊಂದು, ಮಳೆ ಸುರಿಯುವ ದಿನಕ್ಕೆ ಎಂದು ಇಟ್ಟುಕೊಳ್ಳಿ. ಕೋರ್ನ್‌ಹೌಸ್ ಎಂಬ ಹಳೆಯ ಕಣಜದ ಕಟ್ಟಡದಲ್ಲಿ ನಗರದ ವಸ್ತುಸಂಗ್ರಹಾಲಯ ಇದೆ. ಅಲ್ಲಿ ಲೊಟ್ಟೆ ರೈನಿಗರ್ ಅವರ ನೆರಳು ಚಿತ್ರಗಳಿವೆ. ಕಪ್ಪು ರಟ್ಟನ್ನು ಕತ್ತರಿಯಲ್ಲಿ ಕತ್ತರಿಸಿ, ಕೈಕಾಲು ಅಲ್ಲಾಡುವ ಹಾಗೆ ಕೀಲು ಕೂಡಿಸಿ, ಒಂದೊಂದೇ ಚಿತ್ರ ತೆಗೆದು ಸಿನಿಮಾ ಮಾಡಿದವರು. 1926ರಲ್ಲಿ ಬಂದ ಅವರ ಪೂರ್ಣ ಉದ್ದದ ಚಿತ್ರ, ಇವತ್ತಿಗೆ ಉಳಿದಿರುವ ಆ ಬಗೆಯ ಚಿತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು. ತೊಗಲುಗೊಂಬೆ ಆಟ ನೋಡಿದ ಕಣ್ಣಿಗೆ ಆ ಕೀಲುಗಳು ಕೂಡಲೇ ಅರ್ಥವಾಗುತ್ತವೆ. ಮಕ್ಕಳಿದ್ದರೆ ಕರೆದುಕೊಂಡು ಹೋಗಿ, ಓದಲು ಜರ್ಮನ್ ಬೇಕಿಲ್ಲ.

ಒಂದು ಸಲ ಗಾರ್ಟನ್‌ಶ್ಟ್ರಾಸೆ ಬೀದಿಗೂ ಹೋಗಿ. ಅಲ್ಲಿ ಯೆಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್ ಇತ್ತು, 1938ರ ನವೆಂಬರ್ 9ರ ರಾತ್ರಿ ನಾಜಿಗಳು ಸುಟ್ಟರು. ಈಗ ಅಲ್ಲೊಂದು ಸ್ಮಾರಕ ಇದೆ. ವಿಶ್ವವಿದ್ಯಾಲಯ ಕಟ್ಟಿಸಿದ ಎಬರ್‌ಹಾರ್ಡ್ ಪ್ರಭು ಅದೇ 1477ರಲ್ಲಿ ಯೆಹೂದಿಗಳನ್ನು ಊರಿನಿಂದ ಹೊರಗೆ ಹಾಕಿದ್ದರು ಎಂಬುದೂ ನಿಮಗೆ ಗೊತ್ತಿರಲಿ. ಊರಿನ ಹಾಡು, ಹಬ್ಬ ಪ್ರೀತಿಸುವವರು ಇದನ್ನು ಬಿಟ್ಟು ನೋಡಬಾರದು ಎಂದು ನಾನು ನನ್ನ ವಿದ್ಯಾರ್ಥಿಗಳಿಗೆ ಮೊದಲ ತಿಂಗಳಲ್ಲೇ ಹೇಳುತ್ತೇನೆ.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಈ ಶನಿವಾರದಿಂದಲೇ. ಬೆಳಿಗ್ಗೆ ಮೆಟ್ಟಿಲು ಗುಡಿಸುವ ಸರದಿ ಯಾರದು ಎಂದು ನೋಡಿಕೊಳ್ಳಿ. ಸಂಜೆ ಏಳೂವರೆಗೆ ಚರ್ಚಿನ ಬಾಗಿಲಲ್ಲಿರಿ, ತಡವಾದರೆ ಕಂಬದ ಹಿಂದಿನ ಜಾಗವೇ ಸಿಗುವುದು. ಒಳಗೆ ಕಲ್ಲಿನ ಚಳಿ ಇರುತ್ತದೆ, ಶಾಲು ತೆಗೆದುಕೊಂಡು ಹೋಗಿ. ಹಾಡುವ ತಂಡ ಸೇರಬೇಕು ಅನ್ನಿಸಿದರೆ ನಿಮ್ಮದು ಎತ್ತರದ ಕಂಠವೋ ತಗ್ಗಿನದೋ ಎಂದು ಬರೆದು ತಿಳಿಸಿ. ಹೊಸಬರನ್ನು ಸೇರಿಸಿಕೊಳ್ಳುವ ಎರಡು ತಂಡ ನನಗೆ ಗೊತ್ತು, ನಾನೇ ಜೊತೆಗೆ ಬಂದು ಪರಿಚಯ ಮಾಡಿಕೊಡುತ್ತೇನೆ.